ಹುರುಳಿ ಮೇಲಿನ ಬ್ರೇಕು

"ಕಾಲ್ ಮಾತ್ರ ಎತ್ಬ್ಯಾಡಿ ಸಾಬ್ರೇ!" ವ್ಯಾನಿನ ಕೆಳಗಿನಿಂದ ಚಿಕ್ಕಬೋರಮ್ಮ ಕೂಗಿದಳು.

"ಎತ್ತಲ್ಲಮ್ಮ." ಇನಾಯತುಲ್ಲಾ ಬ್ರೇಕನ್ನು ಇನ್ನಷ್ಟು ಒತ್ತಿದ. ಕೈಬ್ರೇಕು ಸವೆದಿತ್ತು. ಚಕ್ರಕ್ಕೆ ಕಲ್ಲು ಕೊಟ್ಟಿದ್ದರೂ ಆ ಇಳಿಜಾರಿನಲ್ಲಿ ಅವನಿಗೆ ಕಲ್ಲಿನ ಮೇಲೆ ನಂಬಿಕೆಯಿರಲಿಲ್ಲ.

ಓಡಾಡುವ ಗಾಡಿಗಳು ತುಳಿದು ಕಾಳು ಉದುರಲಿ ಎಂದು ಅವಳು ದೇವಲಾಪುರದ ರಸ್ತೆಗೆ ಹರಡಿದ್ದ ಹುರುಳಿ ಬಳ್ಳಿ ಆಕ್ಸೆಲ್ಲಿಗೆ ಹಗ್ಗದಂತೆ ಸುತ್ತಿಕೊಂಡಿತ್ತು. ಅದನ್ನೀಗ ಕುಡುಗೋಲಿನಿಂದ ಕೊಯ್ಯುತ್ತಿದ್ದಳು.

"ಈ ವಯಸ್ನಲ್ಲಿ ವ್ಯಾನ್ ಕೆಳ್ಗೆ ಮನಿಕ್ಕೊಳೋ ಯೋಗ ಬರ್ದಿತ್ತು ನೋಡಿ ನಂಗೆ!"

ಹಿಂದೆ ಕೂತಿದ್ದ ಗಾರ್ಮೆಂಟ್ಸ್ ಹೆಂಗಸರು ನಕ್ಕರು. ಇನಾಯತುಲ್ಲಾ ನಗಲಿಲ್ಲ.

ಹತ್ತು ನಿಮಿಷದ ಹಿಂದೆ, ಬಳ್ಳಿ ತಿರುವಿ ಹಾಕುತ್ತಿದ್ದ ಅವಳ ಕೆಂಪು ಸೀರೆ ಅವನಿಗೆ ದೂರದಿಂದಲೇ ಕಂಡಿತ್ತು. ಕಾಲಿಗೆ ಸುದ್ದಿ ತಡವಾಗಿ ತಲುಪಿತು. ವ್ಯಾನು ಜಾರಿಕೊಂಡು ಹೋಗಿ ಅವಳಿಂದ ಒಂದು ಮೊಳ ಈಚೆ ನಿಂತಿತು. ನಲವತ್ತು ಸುಗ್ಗಿ ಹುರುಳಿ ತುಳಿಸಿದವನು. ಬಳ್ಳಿ ಶುರುವಾಗುವ ಮೊದಲೇ ವೇಗ ಇಳಿಸಬೇಕೆಂದು ಗೊತ್ತಿತ್ತು. ಹಳೆಯ ರಸ್ತೆಯ ಗುಂಡಿ, ತಿರುವುಗಳು ಅವನಿಗೆ ಹೊತ್ತು ಕೊಡುತ್ತಿದ್ದವು. ಹೋದ ವರ್ಷ ಅದನ್ನು ಅಗಲ ಮಾಡಿ ನೆಟ್ಟಗೆ ಎಳೆದರು. 'ನಿಧಾನ' ಎಂಬ ಫಲಕವನ್ನೂ ನೆಟ್ಟರು, ಇಳಿಜಾರು ಶುರುವಾದ ಮೇಲೆ. ಇಪ್ಪತ್ತೈದರ ಕಾಲಿಗೆ ಅಷ್ಟು ದೂರ ಸಾಕೇನೋ. ಅವನಿಗೆ ಅರವತ್ತೆಂಟು.

"ಆಯ್ತು, ಬುಡಿ ಈಗ."

ಅವಳು ಪೂರ್ತಿ ಹೊರಗೆ ಬಂದು ಎದ್ದು ನಿಂತ ಮೇಲೂ ಅವನು ಬಿಡಲಿಲ್ಲ.

ಮುಂದಿನ ಸೀಟಿನಲ್ಲಿದ್ದ ಗಾರ್ಮೆಂಟ್ಸ್ ಹುಡುಗಿ ಅಕ್ಷಿತಾಳ ಫೋನು ಬಡಿದುಕೊಂಡಿತು. ಮಾತಾಡುತ್ತಾ ಅವಳ ಮುಖ ಸಣ್ಣದಾಯಿತು. ಇನ್ನೊಂದು ದೂರು ಬಂದರೆ ವ್ಯಾನು ಬೇರೆ ಡ್ರೈವರಿಗೆ ಎಂದು ಕಾರ್ಖಾನೆಯವರು ಹೋದ ತಿಂಗಳೇ ಹೇಳಿದ್ದರು.

"ಚಾಚಾ, ಸೂಪರ್‌ವೈಸರು," ಫೋನಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದಳು. "ತಾತ ಹೆಂಗಸ್ನ ಗುದ್ದಾಕ್ತಿದ್ದ ಅಂತ ಹಿಂದ್ಗಡೆಯೋರು ಯಾರೋ ಮೆಸೇಜ್ ಹಾಕವ್ರೆ. ಬ್ರೇಕ್ ಯಾವಾಗ ಒತ್ತಿದ್ರು ಅಂತ ನಿಮ್ಮನ್ನೇ ಕೇಳ್ಬೇಕಂತೆ."

ಚಿಕ್ಕಬೋರಮ್ಮ ಕಿಟಕಿಗೆ ಬಂದಳು. ತಲೆಯಲ್ಲೆಲ್ಲ ಹುರುಳಿ ಹೊಟ್ಟು.

"ತಪ್ಪು ನಂದು ಅನ್ನಿ. ರೋಡ್ಗೆ ಹಾಕ್ದೋಳು ನಾನಲ್ವಾ? ಬ್ರೇಕು ಸರ್ಯಾಗೇ ಒತ್ತಿದ್ರು, ಹುರುಳಿ ಜಾರ್ತು ಅಂತ ನಾನೂ ಏಳ್ತೀನಿ. ನೀವೂ ಅಂಗೇ ಅಂದ್ಬುಡಿ."

ಅಕ್ಷಿತಾ ಫೋನನ್ನು ಅವನ ಕಿವಿಗೆ ಹಿಡಿದಳು.

"ಅನ್ನಲ್ಲ," ಎಂದ ಇನಾಯತುಲ್ಲಾ ಚಿಕ್ಕಬೋರಮ್ಮನಿಗೆ. ಆಮೇಲೆ ಫೋನಿಗೆ ಹೇಳಿದ, "ತಡವಾಗಿ ಒತ್ತಿದೆ."