ಅತ್ತೆಯ ಹೆಸರಿನ ಕೂಸು

"ಜೈನ್... ಜೈನಾಬ... ಜೈನಾಬು ಯಾರ್ರಿ ಇಲ್ಲೆ?"

ಹಾವೇರಿಯ ಆ ಕಿವಿ ದವಾಖಾನೆಯಲ್ಲಿ ಚೀಟಿ ಬರೆಯುವ ಹನುಮೇಶ ಕನ್ನಡಕವನ್ನು ಹಣೆಗೇರಿಸಿ, ಇಳಿಸಿ, ಮತ್ತೆ ಏರಿಸಿ ಒಂದೇ ಹೆಸರನ್ನು ಮೂರು ಥರ ಕೂಗಿದ. ಮೂರಕ್ಕೂ ಆ ಹೆಸರಿನ ಒಡತಿ ತಿರುಗಿ ನೋಡಲಿಲ್ಲ. ಒಂಬತ್ತು ತಿಂಗಳ ಕೂಸು; ಅಜ್ಜಿ ಬಿಬಿಜಾನಳ ತೊಡೆಯ ಮೇಲೆ ಕೂತು ಅವಳ ಬಳೆಗಳನ್ನು ಒಂದೊಂದಾಗಿ ಸರಿಸುವ ಕೆಲಸದಲ್ಲಿತ್ತು. ಕೂಸು ತಿರುಗದ್ದನ್ನು ತಾಯಿ ಶಬನಮ್ ನೋಡಿದಳು. ಶಬನಮ್ ನೋಡಿದ್ದನ್ನು ಬಿಬಿಜಾನ್ ನೋಡಿದಳು.

"ನಮ್ದ ರೀ," ಎಂದು ಮಗ ಆರಿಫ್ ಎದ್ದ.

"ಕುಂದರ್ರಿ, ಒಳಗೊಬ್ರದಾರ. ಬಂದೀರಿಲ್ಲೋ ನೋಡಿದೆ ಅಷ್ಟ."

ಹೆಸರಿಡುವಾಗ ಇಷ್ಟೆಲ್ಲ ಆದೀತೆಂದು ಯಾರಿಗೂ ಅನ್ನಿಸಿರಲಿಲ್ಲ. ಅದು ಆರಿಫನ ಅಜ್ಜಿಯ ಹೆಸರು. ಹೊಳೆದಂಡೆಯ ಐರಣಿಯಿಂದ ಸೊಸೆಯಾಗಿ ಬಂದು, ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಹಿಂದಿನ ಓಣಿಯಲ್ಲಿ ಅರವತ್ತು ವರ್ಷ ಬಾಳಿ, ಎರಡು ವರ್ಷದ ಹಿಂದೆ ತೀರಿಕೊಂಡ ಮುದುಕಿ. ಮಗಳು ಹುಟ್ಟಿದಾಗ ಆರಿಫ್ ಅದೇ ಹೆಸರು ಅಂದ. ಅವನ ತಂದೆ ಯೂಸುಫಸಾಬ ತಾಯಿಯ ಹೆಸರು ಕೇಳಿ ಹೆಗಲ ಮೇಲಿನ ವಲ್ಲಿಯಿಂದ ಕಣ್ಣೊರೆಸಿಕೊಂಡ. ಮನೆಯ ಹಿರಿಯ ಅತ್ತ ಮೇಲೆ ತಕರಾರು ತೆಗೆಯುವವರು ಯಾರು?

ಆಮೇಲೆ ಉಚ್ಚಾರದ ಪಾಠ ಶುರುವಾಯಿತು. ಉರ್ದು ಶಾಲೆಯ ಟೀಚರಾದ ಶಬನಮ್ ಹಲ್ಲಿನ ಸಂದಿಯಿಂದ ಜೇನುಹುಳ ಬಿಟ್ಟಂತೆ 'ಝೈನಬ್' ಎನ್ನುತ್ತಿದ್ದಳು. ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ ಮಾಡುವ ಆರಿಫನ ಬಾಯಲ್ಲಿ ಆ ಹುಳ ಸಾಕಲಾಗಲಿಲ್ಲ, ಅವನಿಗದು 'ಜೈನಬ'. ಮಸ್ಕತ್ತಿನಲ್ಲಿರುವ ಅವನ ಅಕ್ಕ ಸಾನಿಯಾ ದಿನಾ ಸಂಜೆ ವಿಡಿಯೋ ಕಾಲಿನಲ್ಲಿ ಬಂದು, "ನಿಮಗ್ಯಾರಿಗೂ ಬರೂದಿಲ್ಲೋ, ಇಲ್ಲೆ ಅರಬರು 'ಝೇನಬ್' ಅಂತಾರ" ಎಂದು ತಿದ್ದುತ್ತಿದ್ದಳು. ಲೆಸ್ಟರಿನಲ್ಲಿರುವ ಶಬನಮಳ ಅಣ್ಣ ಅಯಾಜನ ಮಕ್ಕಳು ಮೂಗಿನಿಂದ 'ಝೈನ್ಯಾಬ್' ಎಂದು ಕೂಗಿ ಕೈಬೀಸುತ್ತಿದ್ದವು. ಮಗ್ಗುಲ ಮನೆಯ ಗದಿಗೆವ್ವನಂತೂ ಯಾರನ್ನೂ ಕೇಳಲಿಲ್ಲ, ಮೊದಲ ದಿನವೇ 'ಜೈನವ್ವ' ಮಾಡಿ ಮುಗಿಸಿದಳು.

ಕೂಸು ಯಾವ ದೇಶದವರಿಗೂ ತಿರುಗಲಿಲ್ಲ.

"ನನ್ನ ಮಗ ಏಳ ತಿಂಗಳಿಗೇ ಹೆಸರಿಗೆ ತಿರಗತಿದ್ದ," ಎಂದು ಎಂಟು ದಿನದ ಹಿಂದೆ ಒಂದು ಸಂಜೆ ಸಾನಿಯಾ ಅಂದಳು. "ಕಿವಿ ತೋರಿಸ್ರಿ ಲಗೂನ." ಆರಿಫ್ ಕೂಸಿನ ಹಿಂದೆ ನಿಂತು ಚಮಚೆಯಿಂದ ತಾಟು ಬಾರಿಸಿದ. ಮೊದಲನೆಯ ಸಲ ತಿರುಗಿತು, ಎರಡನೆಯ ಸಲ ತಿರುಗಲಿಲ್ಲ. "ತಿರಗಿದ್ದು ನಡುಕಕ್ಕ, ಸಪ್ಪಳಕ್ಕಲ್ಲ," ಎಂದು ಮಸ್ಕತ್ತಿನಿಂದ ತೀರ್ಪು ಬಂತು. ಶಬನಮ್ ಅಂದಿನಿಂದ ಸರಿಯಾಗಿ ಉಣ್ಣಲಿಲ್ಲ.

ಬಿಬಿಜಾನಳೂ ಉಣ್ಣಲಿಲ್ಲ. ಅವಳ ಕಾರಣ ಬೇರೆಯಿತ್ತು, ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಐದಾರು ಥರ ಕರೆಸಿಕೊಂಡ ಕೂಸನ್ನು ಅವಳು ಒಂದು ಥರವೂ ಕರೆದಿರಲಿಲ್ಲ. ಗಂಡನ ಹೆಸರು, ಅತ್ತೆಯ ಹೆಸರು ಹಿಡಿಯದ ಸೊಸೆ ಅವಳು. ಮೂವತ್ತೆಂಟು ವರ್ಷಗಳಲ್ಲಿ ಆ ಮಾತು ಅವಳ ನಾಲಿಗೆಗೆ ಬಂದದ್ದಿಲ್ಲ. ರೇಶನ್ ಕಾರ್ಡಿನವರು ಮನೆಯ ಹಿರಿಯರ ಹೆಸರು ಕೇಳಿದಾಗ ಗದಿಗೆವ್ವನನ್ನು ಕರೆದೊಯ್ದು ಹೇಳಿಸಿದ್ದಳು. ಈಗ ಶಬನಮ್ ಶಾಲೆಗೆ ಹೋದರೆ ಬರುವುದು ಸಂಜೆ. ಅಲ್ಲಿಯವರೆಗೆ ಕೂಸಿಗೆ ಅಜ್ಜಿಯೇ ಎಲ್ಲ. 'ಏ ಕಳ್ಳೀ', 'ನಮ್ಮ ದೊರೆಸಾನೀ' ಎನ್ನುತ್ತ ದಿನ ಕಳೆಯುತ್ತಿದ್ದಳು, ಯಾರ ಗಮನಕ್ಕೂ ಬಂದಿರಲಿಲ್ಲ. ಆದರೆ ಹೆಸರು ಹೋಗಿ ಬಂದು ಮಾಡಿದರೇ ಕೂಸಿನ ಕಿವಿ ತೆರೆಯುತ್ತವೆ ಎಂದು ಅವಳ ತಾಯಿ ಹೇಳುತ್ತಿದ್ದಳು. ಒಂಬತ್ತು ತಿಂಗಳು ಯಾರೂ ಹಾಯದ ಬಾಗಿಲು ಮುಚ್ಚಿಯೇ ಹೋಗಿದ್ದರೆ?

ಒಳಗೆ ಡಾಕ್ಟರ್ ಮಧು ನಗುತ್ತ ಕೂಸನ್ನು ಮೇಜಿನ ಮೇಲೆ ಕೂರಿಸಿಕೊಂಡರು. ಮೈಸೂರು ಕಡೆಯ ಹೆಣ್ಣುಮಗಳು. "ಬಾರೋ ಪುಟ್ಟಾ, ಜೈನಬ್ ಪುಟ್ಟಾ," ಎಂದು ಹಿಂದಿನಿಂದ ಮತ್ತೊಂದು ಹೊಸ ರಾಗದಲ್ಲಿ ಕರೆದರು. ಕೂಸು ಫ್ಯಾನು ನೋಡಿತು. ಅವರು ಕಾಗದದ ಮೇಲೆ ಏನನ್ನೋ ಬರೆದುಕೊಂಡರು.

ಆ ಬರೆದದ್ದನ್ನು ನೋಡಿ ಬಿಬಿಜಾನಳಿಗೆ ತಡೆಯಲಾಗಲಿಲ್ಲ.

"ಡಾಕ್ಟರಬಾಯಾರ, ತಪ್ಪು ನಂದೈತ್ರಿ."

ಎಲ್ಲರೂ ಅವಳ ಕಡೆ ತಿರುಗಿದರು.

"ಹಗಲೆಲ್ಲ ನನ್ನ ಕಡೇನ ಇರತೈತ್ರಿ ಇದು. ಒಂದ ದಿನಾನೂ ಹೆಸರ ಹಿಡದ ಕರದಿಲ್ಲ."

"ಯಾಕಜ್ಜಿ?"

"ನಮ್ಮತ್ತಿ ಹೆಸರ್ರಿ ಅದು. ಹೆಂಗ ಹಿಡೀಲಿ? ಕರೀಲಾರದ್ದಕ್ಕ ಕಿವಿ ಮುಚ್ಚಿದ್ವೇನ್ರಿ?"

"ಅಮ್ಮಾ!" ಎಂದ ಆರಿಫ್. "ಒಂಬತ್ತ ತಿಂಗಳಾ?"

"ಇಡೂಮುಂದ ನನ್ನೊಂದ ಮಾತ ಕೇಳಿದ್ಯೇನು?"

ಡಾಕ್ಟರು ನಗಲಿಲ್ಲ, ಅದು ಅವರ ದೊಡ್ಡತನ. "ಹಾಗೆಲ್ಲ ಮುಚ್ಚಲ್ಲ ಅಜ್ಜಿ. ನೋಡೇಬಿಡೋಣ," ಎಂದು ಕಡಲೆಕಾಳಿನಷ್ಟು ಚಿಕ್ಕ ಬಿರಡೆಯೊಂದನ್ನು ಕೂಸಿನ ಬಲಗಿವಿಗಿಟ್ಟರು. ಅದರ ತಂತಿ ಒಂದು ಪುಟ್ಟ ಯಂತ್ರಕ್ಕೆ ಹೋಗಿತ್ತು. ಯಂತ್ರದ ಮೇಲೆ ಗೆರೆಗಳು ಎದ್ದವು, ಹಸಿರಾದವು. ಎಡಗಿವಿಗೆ ಇಟ್ಟಾಗ ಕೂಸು ಕೊಸರಾಡಿತು. ಗೆರೆಗಳು ಎದ್ದು ಬಿದ್ದವು. ಮತ್ತೊಮ್ಮೆ ಇಟ್ಟರು. ಬಿಬಿಜಾನ್ ಯಂತ್ರವನ್ನು ನೋಡಲಿಲ್ಲ, ಡಾಕ್ಟರ ಮುಖವನ್ನು ನೋಡುತ್ತಿದ್ದಳು.

"ಚೆನ್ನಾಗಿದೆ. ಎರಡೂ ಕಿವಿ ಚೆನ್ನಾಗಿದೆ."

ಶಬನಮ್ ಹತ್ತಿರ ಸಿಕ್ಕ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅದು ಡಾಕ್ಟರದ್ದೆಂದು ತಿಳಿಯಲು ಹೊತ್ತು ಹಿಡಿಯಿತು.

"ಅಜ್ಜಿ, ಈಗ ಪರದೆ ಹಿಂದೆ ನಿಂತ್ಕೊಂಡು ಮನೇಲಿ ಕರೆಯೋ ಹಾಗೆ ಕರೀರಿ."

ಬಿಬಿಜಾನ್ ಪರದೆಯ ಹಿಂದೆ ಹೋದಳು. ನಾಚಿಕೆ ಬಂತು. "ಎಲ್ಲೈತಿ ನಮ್ಮ ಕಳ್ಳಿ?" ಎಂದು ಮೆಲ್ಲಗೆ ಅಂದಳು. ಕೂಸು ಇಡೀ ಮೈ ತಿರುಗಿಸಿದ ರಭಸಕ್ಕೆ ಬಿರಡೆ ಕಿತ್ತು ನೇತಾಡಿತು.

"ನೋಡಿದ್ರಾ? ಒಬ್ಬೊಬ್ರು ಒಂದೊಂದು ಥರ, ದಿನಕ್ಕೆ ಒಂದೊಂದ್ಸಲ ಕರೆದ್ರೆ ಅದು ತನ್ನ ಹೆಸರೂಂತ ಪಾಪ ಅದಕ್ಕೇನು ಗೊತ್ತು? ಜಾಸ್ತಿ ಹೊತ್ತು ಜೊತೇಲಿರೋರು ಕರೀಬೇಕು. ಯಾವ ಥರ ಆದ್ರೂ ಸರಿ."

"ಆಧಾರ್‌ದಾಗ ಕಳ್ಳಿ ಅಂತ ಬರಸೂದ ಚಲೋ," ಎಂದ ಆರಿಫ್. ಎಂಟು ದಿನದಲ್ಲಿ ಅವನು ಆಡಿದ ಮೊದಲ ಚೇಷ್ಟೆ ಅದು.

ಹೊರಗೆ ಬಂದ ಮೇಲೆ ಶಬನಮ್ ಕೇಳಿದಳು: "ಅಮ್ಮಾ, ನನಗರ ಹೇಳಬಾರ್ದಿತ್ತೇನ್ರಿ?"

"ಏನಂತ ಹೇಳಲವಾ? ಹೇಳಾಕ ಮದಲ ಆ ಹೆಸರ ಹೇಳಬೇಕಲ್ಲ."

ಶಬನಮ್ ಸಿಟ್ಟಾಗಲು ನೋಡಿದಳು. ಆಗಲಿಲ್ಲ, ಅಳು ನಗು ಕೂಡಿಯೇ ಬಂದವು, ಎರಡನ್ನೂ ಒಂದೇ ಸೆರಗಿನಿಂದ ಒರೆಸಿಕೊಂಡಳು.

ಬ್ಯಾಡಗಿಗೆ ಮರಳುವ ರೈಲಿನಲ್ಲಿ ಜಾಗ ಸಿಕ್ಕಿತು. ಆರಿಫ್ ಬಾಗಿಲ ಬಳಿ ನಿಂತು ಮಸ್ಕತ್ತಿಗೆ ಕೇಳಿಸುವಂತೆ ಫೋನಿನಲ್ಲಿ ಮಾತಾಡುತ್ತಿದ್ದ, ಫೋನಿಲ್ಲದಿದ್ದರೂ ಕೇಳಿಸುತ್ತಿತ್ತೇನೋ. ಶಬನಮ್ ಕಿಟಕಿಗೆ ತಲೆ ಆನಿಸಿ ಬಾಯಿ ತೆರೆದು ಮಲಗಿಬಿಟ್ಟಿದ್ದಳು. ಎದುರಿಗೆ ರಾಣೇಬೆನ್ನೂರಿಗೆ ಹೊರಟ ಹೆಣ್ಣುಮಗಳೊಬ್ಬಳು ಪೇರಲಹಣ್ಣಿನ ಚೀಲವನ್ನು ಕಾಲ ಸಂದಿಯಲ್ಲಿ ಇಟ್ಟುಕೊಂಡು ಕೂಸನ್ನೇ ನೋಡುತ್ತಿದ್ದಳು.

"ಹೆಣ್ಣೇನ್ರಿ? ಏನ ಹೆಸರಿಟ್ಟೀರಿ?"

ಬಿಬಿಜಾನ್ ಸೊಸೆಯ ಕಡೆ ನೋಡಿದಳು, ಬಾಗಿಲ ಕಡೆ ನೋಡಿದಳು. ಎದುರಿನವಳು ಕಾಯುತ್ತಿದ್ದಳು. ಹಿರಿಯರು ಒಳಗೆ ಬಂದಾಗ ಮಾಡುವಂತೆ ಬಿಬಿಜಾನ್ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು, ಬೆನ್ನು ನೆಟ್ಟಗೆ ಮಾಡಿದಳು.

"ಜೈನಾಬಿ."

"ಏನಂದ್ರಿ? ಗಾಡಿ ಸಪ್ಪಳದಾಗ ಕೇಳಲಿಲ್ಲ."

"ಜೈನಾಬಿ!"

ಅದು ಶಬನಮಳದ್ದೂ ಅಲ್ಲ, ಸಾನಿಯಾಳದ್ದೂ ಅಲ್ಲ. ನಡುವಿನ 'ನಾ' ಹೊಳೆಯಾಚೆಯವರನ್ನು ಕರೆದಷ್ಟು ಉದ್ದವಿತ್ತು. ಆ ಐರಣಿಯ ಮುದುಕಿ ತನ್ನ ಹೆಸರನ್ನು ತಾನು ಹೇಳುತ್ತಿದ್ದದ್ದು ಹಾಗೆ.

"ಚಲೋ ಹೆಸರ ಬಿಡ್ರಿ. ಯಾ ಕಡಿಗೆ ಹೋಗಿದ್ರಿ?"

ಕೂಸು ತಲೆಯೆತ್ತಿ ಅಜ್ಜಿಯ ಬಾಯನ್ನೇ ನೋಡಿತು. ಆಮೇಲೆ ಎರಡು ಬೆರಳನ್ನು ಒಳಗೆ ಹಾಕಿ ಹಲ್ಲು ಮುಟ್ಟಿತು, ನಾಲಿಗೆ ಮುಟ್ಟಿತು. ಬಿಬಿಜಾನ್ ಕೂಸಿನ ಕೈ ತೆಗೆಯದೆ, ಎದುರಿನವಳಿಗೆ ಕಣ್ಣಿನಲ್ಲೇ ತಡೆ ಎಂದು ಹೇಳಿ, ಹಾಗೆಯೇ ಕೂತಳು.