ಸ್ಯಾಂಪಲ್ ಸಂಸಾರ

ಆ ಕಂಪನಿ ಕಟ್ಟುತ್ತಿದ್ದುದು ಫ್ಲಾಟುಗಳನ್ನು, ಮಾರುತ್ತಿದ್ದುದು ಮಾತ್ರ ಸುಖವನ್ನು. ಜಾಹೀರಾತಿನಲ್ಲಿ ಸಿಮೆಂಟು, ಕಬ್ಬಿಣದ ಸುದ್ದಿಯೇ ಇರಲಿಲ್ಲ. ಸೋಫಾದ ಮೇಲೆ ಒಬ್ಬರಿಗೊಬ್ಬರು ಒರಗಿ ನಗುವ ಗಂಡ-ಹೆಂಡತಿ ಇದ್ದರು. ಗಿರಾಕಿಗಳಿಗೆ ತೋರಿಸಲು ಒಂದು ಸ್ಯಾಂಪಲ್ ಮನೆಯೂ ಸಿದ್ಧವಾಯಿತು. ಅಲ್ಲಿನ ಟಿವಿ ರಟ್ಟಿನದು, ಹಣ್ಣು ಮೇಣದ್ದು, ಕಪಾಟಿನ ಪುಸ್ತಕ ತೆಗೆದರೆ ಒಳಗೆ ಹಾಳೆಯೇ ಇಲ್ಲ.

"ಜನ ಮಾತ್ರ ನಿಜವಾದವರೇ ಬೇಕು," ಎಂದ ಮ್ಯಾನೇಜರ್, ತನ್ನೆದುರು ನಿಂತಿದ್ದ ದಂಪತಿಗೆ. "ಮಾಡೆಲ್‌ಗಳನ್ನ ಕೂರಿಸಿದ್ರೆ ಗೊತ್ತಾಗಿಬಿಡತ್ತೆ. ಭಾನುವಾರ ನೀವಿಬ್ರೂ ಇಲ್ಲಿ ಮನೇಲಿದ್ದ ಹಾಗೇ ಇರಿ. ನಗ್ತಾ ಮಾತಾಡ್ತಾ ಇದ್ರೆ ಸಾಕು."

ಅವಳು ಅದೇ ಆಫೀಸಿನಲ್ಲಿ ಕಸ ಗುಡಿಸುವವಳು, ಗಂಡ ಅದೇ ಕಟ್ಟಡದ ಎಲೆಕ್ಟ್ರಿಷಿಯನ್. ನೋಡಲು ಲಕ್ಷಣವಾದ ಜೋಡಿ. ಆದರೆ ನಿಜಕ್ಕೂ ಮನೆಯಲ್ಲಿದ್ದ ಹಾಗೆ ಇದ್ದಿದ್ದರೆ ಕಂಪನಿಯ ಒಂದು ಫ್ಲಾಟೂ ಬಿಕರಿಯಾಗುತ್ತಿರಲಿಲ್ಲ. ಇಬ್ಬರ ನಡುವೆ ಮಾತು ಸತ್ತು ವರ್ಷಗಳಾಗಿದ್ದವು. ದೊಡ್ಡ ಜಗಳವೇನೂ ಆಗಿರಲಿಲ್ಲ. ಯಾವುದೋ ಸಣ್ಣ ವಿಷಯಕ್ಕೆ ಮುಖ ಊದಿಸಿಕೊಂಡರು, ಎದುರಿನವರೇ ಮೊದಲು ಮಾತಾಡಲಿ ಎಂದು ಕಾದರು, ಆ ಕಾಯುವುದೇ ಅಭ್ಯಾಸವಾಗಿಹೋಯಿತು. "ಬಾಗಿಲು ಹಾಕ್ಕೊ" ಎಂಬುದೇ ದಿನದ ಅತಿ ಉದ್ದದ ಮಾತು.

ಮೊದಲ ಭಾನುವಾರ ಕಂಪನಿ ಕೊಟ್ಟ ತಿಳಿನೀಲಿ ಅಂಗಿ ತೊಟ್ಟು ಸೋಫಾದಲ್ಲಿ ಕೂತಿದ್ದ ಗಂಡ, ಗಿರಾಕಿಗಳು ಒಳಗೆ ಬಂದದ್ದೇ ತಡ, "ಬಾರೇ, ಎಷ್ಟೊತ್ತು ನಿಂತಿರ್ತೀಯ, ಕಾಲು ನೋಯಲ್ವಾ?" ಎಂದ. ಅವಳು ಕೈಯಲ್ಲಿದ್ದ ಕಪ್ಪು ಓರೆಯಾದದ್ದೂ ತಿಳಿಯದೆ ಬಂದು ಕೂತಳು. ಪುಣ್ಯಕ್ಕೆ ಅದು ಖಾಲಿ. ಸೋಫಾ ಕಲೆಯಾದೀತೆಂದು ಕಪ್ಪಿಗೆ ಏನನ್ನೂ ಹಾಕುತ್ತಿರಲಿಲ್ಲ. ಆಮೇಲೆ ಅವನು ಮೇಸ್ತ್ರಿ ತಂತಿ ಮುಟ್ಟಿ ಕುಣಿದ ಕಥೆ ಹೇಳಿದ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಸಂಬಳಕ್ಕೆ ನಕ್ಕ ನಗುವಲ್ಲ ಅದು.

ಅಲ್ಲಿಂದ ಅವಳು ಭಾನುವಾರಕ್ಕಾಗಿಯೇ ಬದುಕಿದಳು. ಅವನಿಗೆ ಈಗೀಗ ಏಣಿ ಹತ್ತಲು ಹೆದರಿಕೆಯೆಂದು ಗೊತ್ತಾದದ್ದು ಅಲ್ಲಿ. ತನ್ನ ನರೆಗೂದಲು ಅವನಿಗೆ ಚೆಂದ ಕಂಡಿದೆಯೆಂದು ತಿಳಿದದ್ದೂ ಅಲ್ಲೇ. ಅದನ್ನೆಲ್ಲ ಮ್ಯಾನೇಜರ್ ಬರೆದುಕೊಟ್ಟಿರಲಿಲ್ಲ ತಾನೇ? ಹಾಗಾದರೆ ಅವನ ಸ್ವಂತ ಮಾತೇ ಇರಬೇಕು. ಒಂದಲ್ಲ ಒಂದು ದಿನ ಆ ಮಾತು ತಮ್ಮ ಜೊತೆ ಬಸ್ಸು ಹತ್ತಿ ಮನೆಗೂ ಬಂದೀತು ಎಂದು ಆಸೆಪಟ್ಟಳು. ಆದರೆ ಅಂಗಿ ಬಿಚ್ಚಿ ಅಲ್ಲೇ ಮೊಳೆಗೆ ನೇತುಹಾಕಿದೊಡನೆ ಅವನ ಬಾಯಿಗೆ ಬೀಗ ಬೀಳುತ್ತಿತ್ತು. ಬಸ್ಸಿನಲ್ಲಿ ಅವನು ಕಿಟಕಿ ನೋಡುತ್ತಿದ್ದ, ಅವಳು ತನ್ನ ಚಪ್ಪಲಿ ನೋಡಿಕೊಳ್ಳುತ್ತಿದ್ದಳು.

ಕೊನೆಯ ಫ್ಲಾಟನ್ನು ಕೊಂಡವರು ಹೊಸದಾಗಿ ಮದುವೆಯಾದವರು. ಆ ಹುಡುಗಿ ಗೋಡೆ, ಕಿಟಕಿ ಯಾವುದನ್ನೂ ನೋಡಲಿಲ್ಲ. ಸೋಫಾದಲ್ಲಿದ್ದ ಇವರಿಬ್ಬರನ್ನೇ ನೋಡುತ್ತ, "ನಾವೂ ಹೀಗೇ ಇರ್ಬೇಕು ಕಣೋ," ಎಂದು ಗಂಡನ ತೋಳು ಹಿಡಿದಳು. ಕೇಳಿಸಿಕೊಂಡ ಇವಳಿಗೆ ಅಯ್ಯೋ ಪಾಪ ಎನಿಸಿತು. ಯಾರ ಬಗ್ಗೆ ಎಂದು ತನಗೇ ತಿಳಿಯಲಿಲ್ಲ.

"ಎಲ್ಲಾ ಖಾಲಿ," ಎಂದ ಮ್ಯಾನೇಜರ್, ಇಬ್ಬರ ಕೈ ಕುಲುಕಿ. "ನಾಳೆ ಈ ಸ್ಯಾಂಪಲ್ ಮನೆ ಬಿಚ್ಚಿಸ್ತೀವಿ. ಇನ್ಮೇಲೆ ಭಾನುವಾರ ಆರಾಮಾಗಿ ಮನೇಲಿರಿ."

ಆ ಸಂಜೆ ಮನೆಗೆ ಬಂದ ಗಂಡ ಎಂದಿನಂತೆ ಗೋಡೆಗೆ ಒರಗಿ ಕೂತ. ಇವತ್ತು ಬಿಟ್ಟರೆ ಇನ್ನಿಲ್ಲ ಎನ್ನಿಸಿ ಅವಳಿಗೆ ಸಂಕಟವಾಯಿತು. ಅಭಿಮಾನವನ್ನೆಲ್ಲ ನುಂಗಿಕೊಂಡು ಪಕ್ಕದಲ್ಲಿ ಹೋಗಿ ಕೂತಳು.

"ರೀ, ನಾಳೆ ಕೆಲಸ ಮುಗಿಸ್ಕೊಂಡು ಬೇಗ ಬನ್ನಿ. ಇಬ್ರೂ ಸ್ವಲ್ಪ ದೂರ ನಡ್ಕೊಂಡು ಹೋಗಿ ಬರೋಣ."

ಅವನು ತಟ್ಟನೆ ನೆಟ್ಟಗಾದ. ಮುಖದ ತುಂಬ ಭಾನುವಾರದ ನಗು ಬಂತು. ನೋಡಿ ಅವಳ ಕಣ್ಣು ತುಂಬಿತು. ಅದೇ ನಗು ಹೊತ್ತುಕೊಂಡೇ ಅವನು ಬಾಗಿಲ ಕಡೆ ತಿರುಗಿ, ದನಿ ತಗ್ಗಿಸಿ ಕೇಳಿದ:

"ಯಾರು ಬಂದ್ರು?"