ಕಮಲಾಕ್ಷಿಯವರ ತೊಂಬತ್ತಾರು ಗುಣಿಗಳು

ಕಮಲಾಕ್ಷಿಯವರು ಇನ್‌ಕ್ಯುಬೇಟರಿನ ಬಾಗಿಲನ್ನು ಎರಡು ಸಲ ತಟ್ಟದೆ ತೆರೆದದ್ದನ್ನು ನಾನು ನೋಡಿಲ್ಲ. ಮನುಷ್ಯನ ಮೈಯ ಶಾಖದಲ್ಲಿ ಚರ್ಮದ ಜೀವಕೋಶಗಳನ್ನು ಬೆಳೆಸುವ ಪೆಟ್ಟಿಗೆ ಅದು. ಬೆರಳ ಗೆಣ್ಣಿನಿಂದ ತಟ್ಟಿ, ಒಂದು ಉಸಿರಿನಷ್ಟು ಹೊತ್ತು ಕಾದು, ಒಳಗಿನಿಂದ ಅನುಮತಿ ಬಂತೆಂಬಂತೆ ತಲೆಯಾಡಿಸಿ ತೆರೆಯುತ್ತಿದ್ದರು. "ಒಳಗಿನೋರು ಬಟ್ಟೆ ಬದಲಾಯಿಸ್ತಿದಾರಾ ಮೇಡಂ?" ಎಂದು ಸಹೋದ್ಯೋಗಿ ರೋಹಿತ್ ರೇಗಿಸಿದರೆ, "ನಿನ್ನ ಥರ ಅಲ್ಲಪ್ಪ, ಅವರು ಬೆಳಿಗ್ಗೆಯಿಂದ ಕೆಲಸ ಮಾಡ್ತಿದಾರೆ" ಎನ್ನುತ್ತಿದ್ದರು.

ಅದು ೨೦೧೪ರ ನವೆಂಬರ್. ನಾರ್ತ್ ಕ್ರೀಕ್ ಎಂಬ ಊರಿನ ನಮ್ಮ ಸಣ್ಣ ಪ್ರಯೋಗಾಲಯದಲ್ಲಿ, ಸಿಗಡಿಯ ಚಿಪ್ಪಿನಿಂದ ಮಾಡಿದ ತೆಳು ಪೊರೆಗೆ ಅರಿಶಿನದ ಸಾರ ಸೇರಿಸಿ, ಸೋಂಕನ್ನು ಕೊಲ್ಲುತ್ತಲೇ ಚರ್ಮವನ್ನು ಬೆಳೆಸುವ ಗಾಯದ ಪಟ್ಟಿಯೊಂದನ್ನು ರೂಪಿಸುತ್ತಿದ್ದೆವು. ಕಮಲಾಕ್ಷಿಯವರ ತಮ್ಮ ಬದರಿನಾಥ ಕಾಲಿನ ವಾಸಿಯಾಗದ ಹುಣ್ಣಿನಿಂದ ತೀರಿಕೊಂಡು ಆರು ವರ್ಷವಾಗಿತ್ತು. ಸಾಯುವ ಮುನ್ನ ಸಹಿ ಹಾಕಿ, ಬೆರಳುಗುರಿನಷ್ಟು ಚರ್ಮವನ್ನು ಅಕ್ಕನ ಸಂಶೋಧನೆಗೆ ಕೊಟ್ಟಿದ್ದ. ಆ ಚರ್ಮದ ಕೋಶಗಳು ಒಂದು ಎರಡಾಗಿ ಒಡೆಯುತ್ತಾ ಮುಪ್ಪಾಗಿ, ಶೀತಲ ತೊಟ್ಟಿಯಲ್ಲಿ ಉಳಿದದ್ದು ಕೊನೆಯ ಒಂದು ಸೀಸೆ. ಅದನ್ನೇ ಪ್ರಯೋಗದ ತಟ್ಟೆಯೊಂದರ ತೊಂಬತ್ತಾರು ಪುಟ್ಟ ಗುಣಿಗಳಿಗೆ ಹಂಚಿ, ಪೊರೆ ಹೊದಿಸಿದರು. ಅವನ ಚರ್ಮ ಈ ಪಟ್ಟಿಯಡಿ ಬದುಕುತ್ತದೆಯೇ ಎಂಬುದೊಂದೇ ಅವರಿಗೆ ತಿಳಿಯಬೇಕಿತ್ತು.

ಬದುಕಿದ ಕೋಶಗಳು ಬಣ್ಣ ಹೀರಿ ಹೊಳೆಯುತ್ತವೆ. ಯಂತ್ರ ಆ ಹೊಳಪನ್ನು ಅಳೆಯುತ್ತದೆ. ನಾಲ್ಕು ದಿನವೂ ಬದುಕಿದ ಕೋಶಗಳ ಪ್ರಮಾಣ ಶೇಕಡಾ ತೊಂಬತ್ತಕ್ಕೆ ಕಡಿಮೆಯಾಗಲಿಲ್ಲ. ವಿಜ್ಞಾನ ಸಮ್ಮೇಳನವೊಂದಕ್ಕೆ ಫಲಿತಾಂಶ ಹೋಗಿಯೇಬಿಟ್ಟಿತು.

ಒಂದು ಗುಣಿಯನ್ನಾದರೂ ಕೋಶವಿಲ್ಲದೆ ಖಾಲಿ ಬಿಟ್ಟು ಹೋಲಿಸಬೇಕೆಂದು ನಮಗೆ ಕಲಿಸಿದವರು ಅವರೇ. ಈ ತಟ್ಟೆಯಲ್ಲಿ ಮಾತ್ರ ಖಾಲಿ ಗುಣಿಯೇ ಇರಲಿಲ್ಲ. ಎಲ್ಲ ಕಡೆಯೂ ತಮ್ಮನೇ ಇದ್ದ. ನಾನು ಇನ್ನೊಂದು ತಟ್ಟೆಯಲ್ಲಿ ಬರಿಯ ಅರಿಶಿನದ ಪೊರೆಯನ್ನಷ್ಟೇ ಇಟ್ಟು ಯಂತ್ರಕ್ಕೆ ಕೊಟ್ಟೆ. ಯಾರೂ ಇಲ್ಲದ ಆ ಗುಣಿಗಳಲ್ಲೂ ಯಂತ್ರ ನೂರಕ್ಕೆ ತೊಂಬತ್ತೊಂದು ಪಾಲು ಜೀವ ಎಣಿಸಿತು.

"ಮೇಡಂ, ಹೊಳೀತಿರೋದು ಅರಿಶಿನ" ಎಂದೆ.

"ಮೈಕ್ರೋಸ್ಕೋಪಲ್ಲಿ ನೋಡಿದ್ಯಾ, ವಂದನಾ?"

"ನೋಡ್ದೆ. ನಿಮ್ಮ ತಟ್ಟೇಲಿ ಕೋಶ ಎಲ್ಲಾ ದುಂಡಗಾಗಿ ತೇಲ್ತಿವೆ."

ತೇಲುವುದೆಂದರೆ ಸತ್ತಿರುವುದು, ವಿವರಿಸಬೇಕಾಗಿರಲಿಲ್ಲ. ಅವರು ಕೈಗವಸು ಬಿಚ್ಚಿ, ಬೆರಳು ಬೆರಳಾಗಿ ಮಡಿಸಿಟ್ಟರು.

"ನಾಲ್ಕು ದಿನದಿಂದ ಆ ನಂಬರಿಗೇ ಗುಡ್ ಮಾರ್ನಿಂಗ್ ಹೇಳ್ತಿದ್ದೆ ಕಣೇ. ನಿನ್ನೆ ಜಾಸ್ತಿ ಬಂತು. ಉತ್ತರ ಕೊಟ್ಟ ಅಂದ್ಕೊಂಡೆ."

ಆಮೇಲೆ ಸಮ್ಮೇಳನದವರಿಗೆ ಫಲಿತಾಂಶ ತಪ್ಪೆಂದು ನನ್ನೆದುರೇ ಪತ್ರ ಕಳಿಸಿದರು. ಟಿಪ್ಪಣಿ ಪುಸ್ತಕದಲ್ಲಿ ನಾಲ್ಕು ದಿನದ ಅಂಕಿಗಳ ಮೇಲೆ ಒಂದು ಗೆರೆ ಎಳೆದು, ದುಂಡು ಅಕ್ಷರದಲ್ಲಿ ಬರೆದರು: ಕೋಶಗಳು ಸತ್ತಿವೆ, ದಿನ ತಿಳಿಯದು. ಎಸೆಯುವ ಮುನ್ನ ತಟ್ಟೆಗೆ ಬ್ಲೀಚ್ ಸುರಿದು, ಅದು ನೆನೆಯಬೇಕಾದ ನಿಯಮದ ಇಪ್ಪತ್ತು ನಿಮಿಷವೂ ನಿಂತೇ ಇದ್ದರು.

ತಮ್ಮವರ ಸಾವನ್ನು ನಂಬಲಾರದವರು ಎಲ್ಲೆಡೆ ಇದ್ದಾರೆ. ಯಂತ್ರವೇ ಬದುಕಿದ್ದಾನೆ ಎನ್ನುತ್ತಿರುವಾಗ, ಅವನು ಸತ್ತನೆಂದು ಎರಡನೆಯ ಸಲ ತಮ್ಮ ಕೈಯಾರೆ ಬರೆದಿಡುವವರು ಅಪರೂಪ. ಇಂಥವರೂ ತಪ್ಪುತ್ತಾರೆ, ಪ್ರೀತಿ ಇದ್ದಲ್ಲಿಯೇ ತಪ್ಪುತ್ತಾರೆ. ಆದರೆ ಆ ತಪ್ಪನ್ನು ಹೊಡೆದುಹಾಕುವ ಅವರ ಆ ಒಂದು ಗೆರೆಯ ಬಲದಿಂದಲೇ ಉಳಿದೆಲ್ಲ ಅಂಕಿಗಳನ್ನು ನಾವು ನಂಬುತ್ತೇವೆ.